ಬೆನ್ನು ಬಾಗಿದ ಮೀನುಮರಿಯನ್ನು ಎಸೆಯುವ ಮೊದಲು

ಒಂದು ಸಲಕ್ಕೆ ನೂರಾರು ಮರಿಗಳಾದರೆ ಒಂದೆರಡಾದರೂ ಬೇರೆ ಥರ ಇರುತ್ತವೆ. ಒಂದರ ಬೆನ್ನು ಬಾಗಿರುತ್ತದೆ, ಇನ್ನೊಂದರ ಕಿವಿರಿನ ಮುಚ್ಚಳ ಮೊಟಕಾಗಿರುತ್ತದೆ, ಮತ್ತೊಂದಕ್ಕೆ ಒಂದೇ ಕಣ್ಣು. ಅಕ್ವೇರಿಯಂ ಇಟ್ಟವರಿಗೆ ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ತಳಿ ಕೆಟ್ಟಿದೆ, ತೆಗೆದುಬಿಡಿ." ಇನ್ನು ಕೆಲವರು "ಬೇರೆ ಮೀನಿಗೂ ಅಂಟುತ್ತೆ" ಅಂತ ಹೆದರಿಸುತ್ತಾರೆ. ಹುಟ್ಟಿನಿಂದ ಬಂದ ಊನ ಅಂಟುವುದಿಲ್ಲ. ತಳಿಯ ಮೇಲೆ ಹೊರಿಸುವ ದೂರು ಕೂಡ ಬಹಳ ಸಲ ತಪ್ಪು. ಹಾಗೆ ದೂರಿ ಮರಿಯನ್ನು ತೆಗೆದುಹಾಕಿದರೆ ನಿಜವಾದ ಕಾರಣ ಟ್ಯಾಂಕಿನಲ್ಲೇ ಉಳಿದುಬಿಡುತ್ತದೆ. ಮುಂದಿನ ಸಲ ಮತ್ತೆ ಬಾಗಿದ ಮರಿಗಳೇ ಬರುತ್ತವೆ.

ಆ ಕಾರಣ ಎಲ್ಲಿರುತ್ತದೆ? ಹಲವು ಸಲ, ನೀರಿನ ಮೇಲ್ಮೈಯಲ್ಲಿ!

ಮೀನಿನ ಹೊಟ್ಟೆಯೊಳಗೆ ಒಂದು ಗಾಳಿಚೀಲ ಇದೆ. ಮೀನು ಮುಳುಗದೆ, ತೇಲದೆ, ತನಗೆ ಬೇಕಾದ ಆಳದಲ್ಲಿ ನಿಲ್ಲುವುದು ಇದರಿಂದಲೇ. ಮೊಟ್ಟೆಯಿಂದ ಹೊರಬಂದಾಗ ಈ ಚೀಲದಲ್ಲಿ ಗಾಳಿ ಇರುವುದಿಲ್ಲ. ಹಲವು ಜಾತಿಯ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಮೇಲಕ್ಕೆ ಬಂದು, ನೀರಿನ ಮೇಲ್ಪದರವನ್ನು ಬಾಯಿಂದ ಭೇದಿಸಿ, ಒಂದು ಗುಟುಕು ಗಾಳಿ ನುಂಗಬೇಕು. ಗಂಟಲಿನಿಂದ ಚೀಲಕ್ಕೆ ಹೋಗುವ ಸಣ್ಣ ಕೊಳವೆಯಲ್ಲಿ ಆ ಗಾಳಿ ಒಳಗೆ ಸೇರುತ್ತದೆ. ಗೋಲ್ಡ್‌ಫಿಶ್, ಜೀಬ್ರಾಫಿಶ್‌ಗಳಲ್ಲಿ ಈ ಕೊಳವೆ ಬದುಕಿಡೀ ತೆರೆದೇ ಇರುತ್ತದೆ. ಆದರೆ ಎಷ್ಟೋ ಜಾತಿಗಳಲ್ಲಿ ಅದು ಕೆಲ ದಿನಗಳಲ್ಲೇ ಮುಚ್ಚಿಹೋಗುತ್ತದೆ. ಆಮೇಲೆ ಚೀಲಕ್ಕೆ ಅನಿಲ ತುಂಬುವುದು ರಕ್ತದ ಮೂಲಕ ಮಾತ್ರ. ಮೊದಲ ಗುಟುಕು ತಪ್ಪಿಸಿಕೊಂಡ ಮರಿಗೆ ಎರಡನೇ ಅವಕಾಶ ಸಿಗುವುದು ಕಷ್ಟ.

ಈಗ ನೀರಿನ ಮೇಲೆ ಎಣ್ಣೆಯ ತೆಳು ಪೊರೆ ಇದೆ ಅಂದುಕೊಳ್ಳಿ. ಆಹಾರದ ಜಿಡ್ಡು ಸಾಕು, ಅಂಥ ಪೊರೆ ಕಟ್ಟಲು. ಕೆಲವೇ ಮಿಲಿಮೀಟರ್ ಉದ್ದದ ಮರಿಗೆ ಅದನ್ನು ದಾಟಿ ಗಾಳಿ ನುಂಗಲು ಆಗುವುದಿಲ್ಲ. ಚೀಲ ಖಾಲಿಯೇ ಉಳಿಯುತ್ತದೆ. ಮರಿಯ ಮೈ ನೀರಿಗಿಂತ ಭಾರ, ಹಾಗಾಗಿ ಸುಮ್ನೆ ನಿಂತರೆ ಕೆಳಗೆ ಇಳಿದುಬಿಡುತ್ತದೆ. ಇಳಿಯದಿರಲು ತಲೆ ಮೇಲೆ ಮಾಡಿ, ಬಾಲ ಬಡಿಯುತ್ತಲೇ ಇರಬೇಕು. ಹಗಲೂ ರಾತ್ರಿ ಅದೇ ಭಂಗಿ, ಅದೇ ಎಳೆತ. ಮೂಳೆ ಇನ್ನೂ ಗಟ್ಟಿಯಾಗದ ವಯಸ್ಸು ಅದು. ಸ್ನಾಯು ಎಳೆದ ಕಡೆಗೆ ಬೆನ್ನು ಬಾಗುತ್ತದೆ, ಬಾಗಿದ ಹಾಗೆಯೇ ಗಟ್ಟಿಯಾಗುತ್ತದೆ. ಮರಿಯ ಜೀನ್‌ಗಳಲ್ಲಿ ಯಾವ ದೋಷವೂ ಇಲ್ಲ. ಕಡಲ ಮೀನು ಸಾಕುವ ಕೇಂದ್ರಗಳಲ್ಲಿ ಸೀಬಾಸ್, ಸೀಬ್ರೀಮ್ ಮರಿಗಳ ಬೆನ್ನು ದೊಡ್ಡ ಸಂಖ್ಯೆಯಲ್ಲಿ ಬಾಗುತ್ತಿತ್ತು. ಮೇಲಿನ ಪೊರೆಯನ್ನು ಸದಾ ಬಾಚಿ ತೆಗೆಯುವ ಸಾಧನ ಇಟ್ಟ ಮೇಲೆ ಆ ತೊಂದರೆ ತುಂಬಾ ಕಡಿಮೆಯಾಯಿತು. ನೀರಿನ ಸೆಳೆತ ಜಾಸ್ತಿ ಇದ್ದರೂ ಇದೇ ಗತಿ: ಸೆಳೆತದ ಎದುರು ಈಜಿ ಈಜಿ ಬೆನ್ನು ಬಾಗುತ್ತದೆ. ಮರಿಗಳ ಟ್ಯಾಂಕಿಗೆ ಜೋರು ಫಿಲ್ಟರ್ ಬೇಡ, ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜ್ ಫಿಲ್ಟರ್ ಸಾಕು ಅನ್ನುವುದು ಇದಕ್ಕೇ.

ಎರಡನೇ ಕಾರಣ ಹಳೆಯ ಆಹಾರದ ಡಬ್ಬಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ಎಂಬ ರೋಗ ಬಂದ 12 ನಾವಿಕರನ್ನು ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಎದ್ದು ಕೂತರು. ಅವರನ್ನು ಎಬ್ಬಿಸಿದ್ದು ಹಣ್ಣಿನಲ್ಲಿದ್ದ ವಿಟಮಿನ್ ಸಿ, ಆದರೆ ಆ ಹೆಸರು ಆಗ ಇನ್ನೂ ಹುಟ್ಟಿರಲಿಲ್ಲ. ನಮ್ಮ ಹಾಗೆಯೇ ಬಹುತೇಕ ಮೀನುಗಳೂ ಈ ವಿಟಮಿನ್ ಅನ್ನು ಮೈಯಲ್ಲಿ ತಯಾರಿಸಲಾರವು. ಮೂಳೆಗೆ ಬಲ ಕೊಡುವ ಕೊಲಾಜೆನ್ ಮೂರು ಎಳೆ ಸೇರಿಸಿ ಹೊಸೆದ ಹಗ್ಗದಂತಿದೆ. ಆ ಹೊಸೆತ ಬಿಚ್ಚಿಕೊಳ್ಳದಂತೆ ನೋಡಿಕೊಳ್ಳುವ ರಾಸಾಯನಿಕ ಕ್ರಿಯೆಗೆ ವಿಟಮಿನ್ ಸಿ ಬೇಕು. ಅದು ಸಿಗದಿದ್ದರೆ ಬೆಳೆಯುವ ಮರಿಯ ಬೆನ್ನು ಬಾಗುತ್ತದೆ. ಸಾಕಿದ ಕ್ಯಾಟ್‌ಫಿಶ್‌ಗಳಲ್ಲಿ ಬೆನ್ನುಮೂಳೆ ಮುರಿದೇ ಹೋಗುತ್ತಿತ್ತು. ಗಾಳಿ, ತೇವ, ಬಿಸಿಗೆ ಈ ವಿಟಮಿನ್ ಬೇಗ ಹಾಳಾಗುತ್ತದೆ. ಆದ್ದರಿಂದ ಆಹಾರವನ್ನು ಚಿಕ್ಕ ಡಬ್ಬಿಯಲ್ಲಿ ಕೊಂಡು, ಬಿಗಿಯಾಗಿ ಮುಚ್ಚಿ, ತಂಪಿನಲ್ಲಿಡಿ.

ತಳಿಯ ದೋಷ ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಬೆಳೆಯುವ ವಯಸ್ಸಿನಲ್ಲಿ ಬೆನ್ನು ಬಾಗುವ ಗಪ್ಪಿ ವಂಶಗಳಿವೆ. ಜೀಬ್ರಾಫಿಶ್‌ನಲ್ಲಿ 2016ರಲ್ಲಿ ಒಂದು ಚೆಂದದ ಸಂಗತಿ ಬಯಲಾಯಿತು. ಮಿದುಳಿನ ಒಳಗಿನ ದ್ರವವನ್ನು ಸೂಕ್ಷ್ಮ ರೋಮಗಳು ಬೀಸಿ ಹರಿಸುತ್ತವೆ. ಜೀನ್ ಕೆಟ್ಟು ಆ ಹರಿವು ತಪ್ಪಿದರೆ, ನೆಟ್ಟಗಿದ್ದ ಮರಿಯ ಬೆನ್ನು ಬೆಳೆಯುತ್ತ ತಿರುಚಿಕೊಳ್ಳುತ್ತದೆ! ಹದಿಹರೆಯದ ಮಕ್ಕಳ ಬೆನ್ನು ಬಾಗುವುದನ್ನು ಅರಿಯಲು ವಿಜ್ಞಾನಿಗಳು ಇದೇ ಮೀನುಗಳನ್ನು ನೋಡುತ್ತಿದ್ದಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಾಗಿದ ಮರಿಯನ್ನು "ಕೆಟ್ಟ ತಳಿ" ಅನ್ನುವವರೇ ಎರಡು ಬಾಲದ ಗೋಲ್ಡ್‌ಫಿಶ್ ಕಂಡರೆ ಬೆರಗಾಗುತ್ತಾರೆ. ಆ ಎರಡು ಬಾಲವೂ ಹುಟ್ಟಿನ ಊನವೇ. ಭ್ರೂಣದ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂದು ತೀರ್ಮಾನವಾಗಲು ಕಾರ್ಡಿನ್ ಎಂಬ ಜೀನ್ ಬೇಕು. ಗೋಲ್ಡ್‌ಫಿಶ್‌ನ ದೂರದ ಪೂರ್ವಜರಲ್ಲಿ ಇಡೀ ಜೀನ್ ಕಂತೆಯೇ ಇಮ್ಮಡಿಯಾಗಿತ್ತು, ಹಾಗಾಗಿ ಅದಕ್ಕೆ ಕಾರ್ಡಿನ್‌ನ ಎರಡು ಪ್ರತಿಗಳಿವೆ. ಒಂದು ಕೆಟ್ಟಿತು, ಇನ್ನೊಂದು ಜೀವ ಉಳಿಸಿತು, ಬಾಲ ಎರಡಾಯಿತು. 2014ರ ಅಧ್ಯಯನ ಇದನ್ನು ತೋರಿಸಿತು. ಚೀನಾದ ಜನ ಅಂಥ ಮೀನನ್ನು ಎಸೆಯದೆ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದರು. ಬಲೂನ್ ಮೋಲಿ ಎಂಬ ಅಕ್ವೇರಿಯಂ ಮೀನಿನ ದುಂಡು ಹೊಟ್ಟೆಯ ಹಿಂದೆ ಮೊಟಕಾದ, ತಿರುಚಿದ ಬೆನ್ನುಮೂಳೆ ಇದೆ. ಬೇಕೆಂದೇ ಬೆಳೆಸಿದ ಊನಕ್ಕೆ ಬೆಲೆ ಕೊಟ್ಟು, ತಾನಾಗಿ ಬಂದ ಊನವನ್ನು ಎಸೆಯುವುದು ಯಾವ ನ್ಯಾಯ? ಹಾಗೆ ನೋಡಿದರೆ ನನಗೆ ಜಾಸ್ತಿ ಕಳವಳ ಇರುವುದು ಮೊದಲನೆಯದರ ಬಗ್ಗೆಯೇ.

ಇಂಥ ಮೀನು ಚೆನ್ನಾಗಿ ಬದುಕಬಲ್ಲದೇ? ಹಲವು ಸಲ, ಹೌದು. ನೆಲದ ಪ್ರಾಣಿಯ ಹಾಗೆ ಮೀನು ತನ್ನ ಮೈಭಾರವನ್ನು ಮೂಳೆಯ ಮೇಲೆ ಹೊರಬೇಕಿಲ್ಲ, ಆ ಭಾರವನ್ನು ನೀರೇ ಹೊರುತ್ತದೆ. ಆಕಾರ ನೋಡಿ ಮರುಗುವ ಬದಲು ಮೂರು ಸಂಗತಿ ನೋಡಿ: ತಿನ್ನುತ್ತಿದೆಯೇ, ಉಸಿರಾಡುತ್ತಿದೆಯೇ, ಬೇಕಾದಲ್ಲಿಗೆ ಹೋಗಬಲ್ಲದೇ.

ಇಂಥ ಮೀನುಗಳಲ್ಲಿ ಹೆಚ್ಚಿನವು ಸೋಲುವುದು ತಿನ್ನುವ ಪೈಪೋಟಿಯಲ್ಲಿ. ಇವು ಬರುವಷ್ಟರಲ್ಲಿ ಚುರುಕಾದ ಮೀನುಗಳು ಎಲ್ಲ ಮುಗಿಸಿರುತ್ತವೆ. ಬೇರೆ ಟ್ಯಾಂಕು, ಇಲ್ಲವೇ ನಿಧಾನದ ಜೊತೆಗಾರರು ಇದ್ದರೆ ಅರ್ಧ ಸಮಸ್ಯೆ ಮುಗಿಯಿತು. ಗಾಳಿಚೀಲ ತುಂಬದೆ ತಳದಲ್ಲೇ ತೆವಳುವ ಮೀನಿಗೆ ನೀರಿನ ಮಟ್ಟ ಕಡಿಮೆ ಇರಲಿ, ತಳದಲ್ಲಿ ಚೂಪು ಕಲ್ಲಿನ ಬದಲು ನುಣ್ಣನೆ ಮರಳಿರಲಿ, ಆಹಾರ ಮುಳುಗುವಂಥದ್ದಿರಲಿ. ಕುರುಡು ಮೀನಿನ ಬಗ್ಗೆ ಅಷ್ಟೇನೂ ಚಿಂತೆ ಬೇಡ. ಅದರ ಪಕ್ಕೆಯ ಉದ್ದಕ್ಕೂ ನೀರಿನ ಅಲುಗಾಟ ಗುರುತಿಸುವ ಗೆರೆಯೊಂದಿದೆ. ಮೆಕ್ಸಿಕೋದ ಗುಹೆಗಳಲ್ಲಿ ಕಣ್ಣೇ ಇಲ್ಲದ ಟೆಟ್ರಾಗಳು ಕತ್ತಲಲ್ಲಿ ಬದುಕುತ್ತಿವೆ ಅಲ್ವಾ? ಟ್ಯಾಂಕಿನ ಒಳಗಿನ ವಸ್ತುಗಳ ಜಾಗ ಬದಲಿಸದಿದ್ದರೆ, ದಿನಾ ಒಂದೇ ಮೂಲೆಯಲ್ಲಿ ಆಹಾರ ಹಾಕಿದರೆ ಕುರುಡು ಮೀನು ಬೇಗ ಕಲಿಯುತ್ತದೆ.

ಕಿವಿರಿನ ಮುಚ್ಚಳ ಮೊಟಕಾದ ಮೀನಿಗೆ ಉಸಿರಾಟ ಕಷ್ಟ, ಯಾಕೆಂದರೆ ಬಾಯಿ ಮತ್ತು ಮುಚ್ಚಳ ಎರಡೂ ಸೇರಿ ಕಿವಿರಿನ ಮೇಲೆ ನೀರು ಹರಿಸಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಇಂಥ ಮೀನಿಗೆ ಗಾಳಿ ಗುಳ್ಳೆ ಜಾಸ್ತಿ ಕೊಡಿ. ಆ ಜಾತಿ ತಡೆದುಕೊಳ್ಳುವಷ್ಟರ ಮಟ್ಟಿಗೆ ನೀರನ್ನು ತಂಪಾಗಿಡಿ.

ಒಂದು ಎಚ್ಚರಿಕೆ. ನೆಟ್ಟಗಿದ್ದ ದೊಡ್ಡ ಮೀನಿನ ಬೆನ್ನು ಇದ್ದಕ್ಕಿದ್ದಂತೆ ಬಾಗಿ, ಮೈ ಸೊರಗತೊಡಗಿದರೆ ಅದು ಹುಟ್ಟಿನ ಊನವಲ್ಲ. ಮೀನಿನ ಕ್ಷಯ ಇರಬಹುದು. ಅದು ಬೇರೆ ಮೀನಿಗೆ ಅಂಟುತ್ತದೆ. ಕೈಯಲ್ಲಿ ಗಾಯವಿದ್ದರೆ ಈ ರೋಗ ತರುವ ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ ಬ್ಯಾಕ್ಟೀರಿಯಾ ನಮ್ಮ ಚರ್ಮಕ್ಕೂ ಇಳಿದು ಗಂಟು ಕಟ್ಟಿಸುತ್ತದೆ. ಅಂಥ ಮೀನನ್ನು ಬೇರೆ ಇಡಿ, ಗ್ಲೌಸ್ ಹಾಕದೆ ಆ ಟ್ಯಾಂಕಿಗೆ ಕೈ ಹಾಕಬೇಡಿ.

ಊನ ಇರುವ ಮೀನನ್ನು ಸಾಕಿ, ಆದರೆ ಮರಿ ಮಾಡಿಸಬೇಡಿ. ಕಾರಣ ಜೀನೋ ಆಹಾರವೋ ಎಂದು ಹೊರಗಿನಿಂದ ಹೇಳಲಾಗುವುದಿಲ್ಲ. ಗಪ್ಪಿಯಂಥ ಮೀನಾದರೆ ಗಂಡು ಹೆಣ್ಣು ಗುರುತು ಸಿಕ್ಕ ಕೂಡಲೇ ಬೇರೆ ಮಾಡಿ. ತಿನ್ನಲೂ ಉಸಿರಾಡಲೂ ಆಗದೆ ನರಳುವ ಮೀನನ್ನು ಉಳಿಸಿಕೊಳ್ಳುವುದು ದಯೆಯಲ್ಲ. ಮೀನಿಗೂ ನೋವು ಗ್ರಹಿಸುವ ನರತುದಿಗಳಿವೆ ಎಂದು 2003ರಲ್ಲೇ ಟ್ರೌಟ್‌ಗಳಲ್ಲಿ ಕಂಡುಕೊಂಡಿದ್ದಾರೆ. ಅಂಥ ಮೀನನ್ನು ಸಾಯಿಸಲು ಶೌಚಾಲಯಕ್ಕೆ ಸುರಿಯುವುದು, ಫ್ರೀಜರಿನಲ್ಲಿಡುವುದು ಎರಡೂ ಹಿಂಸೆ. ಲವಂಗದ ಎಣ್ಣೆಯನ್ನು ನೀರಿನಲ್ಲಿ ಚೆನ್ನಾಗಿ ಕದಡಿ, ಮೊದಲು ಸ್ವಲ್ಪ ಹಾಕಿದರೆ ಮೀನು ಮಂಪರಿಗೆ ಹೋಗುತ್ತದೆ. ಆಮೇಲೆ ಜಾಸ್ತಿ ಹಾಕಬೇಕು. ಕಿವಿರಿನ ಅಲುಗಾಟ ನಿಂತ ಮೇಲೂ ಅರ್ಧ ಗಂಟೆ ಅದೇ ನೀರಿನಲ್ಲಿ ಬಿಡಿ.