ಪದ ಪರಿಚಯ: ಇಮ್ಯುನೋಥ್ರಾಂಬೋಸಿಸ್

ಗಾಯವಾದಾಗ ರಕ್ತ ಹೆಪ್ಪುಗಟ್ಟುತ್ತದೆ. ಸೋರುವುದು ನಿಲ್ಲಲಿ ಅಂತ, ಅಲ್ವಾ? ಆದರೆ ಎಲ್ಲೂ ಗಾಯವೇ ಆಗದೆ, ಬರೀ ಬ್ಯಾಕ್ಟೀರಿಯಾ ಒಳಹೊಕ್ಕ ಕಾರಣಕ್ಕೇ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಅದು ದೇಹದ ಎಡವಟ್ಟಲ್ಲ, ಬೇಕಂತಲೇ ಮಾಡುವ ಕೆಲಸ. ಇದಕ್ಕೆ ಇಮ್ಯುನೋಥ್ರಾಂಬೋಸಿಸ್ ಎಂದು ಹೆಸರು. ಥ್ರಾಂಬೋಸಿಸ್ ಎಂದರೆ ರಕ್ತನಾಳದೊಳಗೆ ಹೆಪ್ಪು ಕಟ್ಟುವುದು. ಇಮ್ಯುನೋ ಎಂದರೆ ರೋಗನಿರೋಧಕ ಶಕ್ತಿಗೆ ಸೇರಿದ್ದು. 2013ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬರ್ನ್ಡ್ ಎಂಗೆಲ್‌ಮನ್ ಮತ್ತು ಸ್ಟೆಫೆನ್ ಮಾಸ್‌ಬರ್ಗ್ ಈ ಪದವನ್ನು ಮುಂದಿಟ್ಟರು.

ಕೆಲಸ ಶುರುವಾಗುವುದು ಬಿಳಿ ರಕ್ತಕಣಗಳಿಂದ. ಮಾನೋಸೈಟ್ ಎಂಬ ಕಣಕ್ಕೆ ಬ್ಯಾಕ್ಟೀರಿಯಾದ ಸುಳಿವು ಸಿಕ್ಕರೆ ಅದು ತನ್ನ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನನ್ನು ತಂದುಕೊಳ್ಳುತ್ತದೆ. ಸಾಮಾನ್ಯವಾಗಿ ರಕ್ತನಾಳ ತುಂಡಾದಾಗ ಹೆಪ್ಪುಗಟ್ಟುವಿಕೆಗೆ ಚಾಲನೆ ಕೊಡುವುದೂ ಇದೇ ಪ್ರೋಟೀನು. ಇದರಿಂದ ಥ್ರಾಂಬಿನ್ ಎಂಬ ಕಿಣ್ವ ಹುಟ್ಟುತ್ತದೆ, ಥ್ರಾಂಬಿನ್‌ನಿಂದ ಫೈಬ್ರಿನ್ ಎಂಬ ಎಳೆಗಳು. ಇನ್ನೊಂದು ಕಡೆ ನ್ಯೂಟ್ರೋಫಿಲ್ ಎಂಬ ಬೇರೆ ಬಗೆಯ ಬಿಳಿ ರಕ್ತಕಣಗಳು ತಮ್ಮದೇ ಡಿಎನ್ಎಯನ್ನು ಬಲೆಯ ಹಾಗೆ ಹೊರಗೆ ಬೀಸುತ್ತವೆ. ಈ ಬಲೆಯನ್ನು ವಿಜ್ಞಾನಿಗಳು ಗುರುತಿಸಿದ್ದು 2004ರಲ್ಲಿ, ಬರ್ಲಿನ್‌ನಲ್ಲಿ. ಪ್ಲೇಟ್‌ಲೆಟ್‌ಗಳೂ ಬಂದು ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಈ ಜಾಲದಲ್ಲಿ ಸಿಕ್ಕಿಬಿದ್ದರೆ ಮುಂದೆ ಹರಡುವುದು ಕಷ್ಟ. ಫೈಬ್ರಿನ್ ಸುಮ್ನೆ ತಡೆಗೋಡೆಯೂ ಅಲ್ಲ. ಬಿಳಿ ರಕ್ತಕಣಗಳು ಅದನ್ನು ಹಿಡಿದುಕೊಂಡಾಗ ಇನ್ನಷ್ಟು ಚುರುಕಾಗುತ್ತವೆ.

ಇದು ಬಹಳ ಹಳೆಯ ಜಾಣ್ಮೆ. ಹಾರ್ಸ್‌ಶೂ ಏಡಿ ಎಂಬ ಕಡಲ ಜೀವಿಯಲ್ಲಿ ಹೆಪ್ಪುಗಟ್ಟಿಸುವುದೂ ಸೋಂಕಿನ ವಿರುದ್ಧ ಹೋರಾಡುವುದೂ ಒಂದೇ ಬಗೆಯ ರಕ್ತಕಣದ ಕೆಲಸ. ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಲ್ಲಿರುವ ಎಂಡೋಟಾಕ್ಸಿನ್ ತಗುಲಿದರೆ ಸಾಕು, ಅದರ ರಕ್ತ ಗಟ್ಟಿಯಾಗುತ್ತದೆ. ಬ್ಯಾಕ್ಟೀರಿಯಾದಿಂದ ಅದರ ರಕ್ತ ಹೀಗೆ ಗಟ್ಟಿಯಾಗುವುದನ್ನು ವಿಜ್ಞಾನಿ ಫ್ರೆಡರಿಕ್ ಬ್ಯಾಂಗ್ 1956ರಲ್ಲಿ ವರದಿ ಮಾಡಿದರು. ಇಂಜೆಕ್ಷನ್ ಮದ್ದುಗಳಲ್ಲಿ ಎಂಡೋಟಾಕ್ಸಿನ್ ಇದೆಯೇ ಎಂದು ನೋಡುವ ಪರೀಕ್ಷೆ ಬೆಳೆದದ್ದು ಅಲ್ಲಿಂದಲೇ. ನಮ್ಮಲ್ಲಿ ಈ ಎರಡು ಕೆಲಸಗಳು ಬೇರೆ ಬೇರೆ ಕಣಗಳಿಗೆ ಹಂಚಿಹೋಗಿವೆ, ನಂಟು ಮಾತ್ರ ಉಳಿದಿದೆ.

ಬ್ಯಾಕ್ಟೀರಿಯಾಗಳೂ ಸುಮ್ಮನೆ ಕೂತಿಲ್ಲ. ಸ್ಟ್ರೆಪ್ಟೋಕಾಕಸ್ ಸ್ಟ್ರೆಪ್ಟೋಕೈನೇಸ್ ಎಂಬ ಪ್ರೋಟೀನನ್ನು ಬಿಡುತ್ತದೆ. ಅದು ನಮ್ಮ ದೇಹದ ಹೆಪ್ಪು ಕರಗಿಸುವ ವ್ಯವಸ್ಥೆಯನ್ನೇ ಎಬ್ಬಿಸಿ ಬಲೆಯನ್ನು ಹರಿದುಹಾಕುತ್ತದೆ. ಹೃದಯಾಘಾತದಲ್ಲಿ ಹೆಪ್ಪು ಕರಗಿಸಲು ವೈದ್ಯರು ಇದನ್ನೇ ಮದ್ದಾಗಿ ಬಳಸಿದ್ದಾರೆ! ಸ್ಟ್ಯಾಫಿಲೋಕಾಕಸ್ ಆರಿಯಸ್ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅದು ಕೋಆಗ್ಯುಲೇಸ್ ಎಂಬ ಪ್ರೋಟೀನನ್ನು ಬಿಟ್ಟು ತಾನೇ ಫೈಬ್ರಿನ್ ಕಟ್ಟಿಸಿಕೊಳ್ಳುತ್ತದೆ, ಅದನ್ನೇ ಹೊದ್ದು ಬಿಳಿ ರಕ್ತಕಣಗಳಿಂದ ತಪ್ಪಿಸಿಕೊಳ್ಳುತ್ತದೆ. ಬಲೆ ನಮ್ಮದು, ಮರೆ ಅದಕ್ಕೆ.

ಹೆಪ್ಪು ಸೋಂಕಾದ ಜಾಗದಲ್ಲೇ ನಿಂತರೆ ಒಳ್ಳೆಯದು. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿಯಲ್ಲಿ, ಕೆಲವರಿಗೆ ಅದು ಮೈಯೆಲ್ಲ ಹರಡುತ್ತದೆ. ಪುಟ್ಟ ಪುಟ್ಟ ಹೆಪ್ಪುಗಳು ಕಿಡ್ನಿ, ಶ್ವಾಸಕೋಶಗಳಿಗೆ ರಕ್ತ ಸಿಗದ ಹಾಗೆ ಮಾಡುತ್ತವೆ. ಪ್ಲೇಟ್‌ಲೆಟ್‌ಗಳೂ ಹೆಪ್ಪಿಗೆ ಬೇಕಾದ ಪ್ರೋಟೀನುಗಳೂ ಅಲ್ಲೇ ಖರ್ಚಾಗಿ, ಬೇರೆ ಕಡೆ ರಕ್ತಸ್ರಾವ ಶುರುವಾಗಬಹುದು. ಒಂದೇ ದೇಹದಲ್ಲಿ ಹೆಪ್ಪೂ ಜಾಸ್ತಿ, ರಕ್ತ ಸೋರುವುದೂ ಜಾಸ್ತಿ. ಹಾಗಾದರೆ ಹೆಪ್ಪು ತಡೆಯುವ ಮದ್ದು ಕೊಟ್ಟರಾಯಿತಲ್ಲ ಅನ್ನಿಸುತ್ತದೆ. ಆಕ್ಟಿವೇಟೆಡ್ ಪ್ರೋಟೀನ್ ಸಿ ಎಂಬ ಮದ್ದು 2001ರಲ್ಲಿ ಅದೇ ಆಸೆ ಹೊತ್ತು ಬಂತು. ನಂತರದ ದೊಡ್ಡ ಪ್ರಯೋಗದಲ್ಲಿ ಅದರಿಂದ ಸಾವು ಕಡಿಮೆಯಾಗಲಿಲ್ಲ, 2011ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಬ್ಯಾಕ್ಟೀರಿಯಾವನ್ನು ಹಿಡಿದಿಟ್ಟ ಬಲೆಯನ್ನು ಬಿಟ್ಟು, ದಾರಿ ತಪ್ಪಿದ ಹೆಪ್ಪನ್ನು ಮಾತ್ರ ತಡೆಯುವುದು ಹೇಗೆ ಎಂಬ ಹುಡುಕಾಟ ಇನ್ನೂ ನಡೆದಿದೆ.