ಹುಲ್ಲಿಗೆ ಇಳಿದಾಗ ಮಾತ್ರ ಪಟಾಕಿ ಹೊಡೆಯುವ ಎಂಜಿನ್

"ಸುಮ್ನೆ ನಿಂತಾಗ ಚಲೋ ಇರತೈತ್ರಿ. ಹುಲ್ಲಿಗೆ ಬ್ಲೇಡ್ ಹಚ್ಚಿದ ಕೂಡ್ಲೆ ಪಟಾಕ್ಷಿ ಹೊಡ್ಯಾಕ ಹತ್ತತೈತಿ."

ಮಡಗಾಂವ್‌ನಿಂದ ಸ್ವಲ್ಪ ದೂರದ ಒಂದು ಹಳ್ಳಿಯ ಫುಟ್‌ಬಾಲ್ ಮೈದಾನದಲ್ಲಿ ನಿಂತು ಗದಗ ಕಡೆಯ ಹುಡುಗನೊಬ್ಬ ನನಗೆ ಹೀಗೆ ಹೇಳಿದ. ಅಕ್ಟೋಬರ್ ತಿಂಗಳು. ಗೋವಾದ ಮಳೆ ಮುಗಿದು ಹುಲ್ಲು ಗೇಣುದ್ದ ದಾಟಿತ್ತು. ಮೈದಾನ ನೋಡಿಕೊಳ್ಳುವುದು ಅವನ ಕೆಲಸ. ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರಕ್ಕೆ ಅವನಿಟ್ಟ ಹೆಸರು 'ಹುಲ್ಲಿನ ಗಾಡಿ'. ಮಳೆಗಾಲದ ನಾಲ್ಕು ತಿಂಗಳು ಅದು ಶೆಡ್ಡಿನಲ್ಲೇ ನಿಂತಿತ್ತು. ದೀಪಾವಳಿಗೆ ಗೋವಾದಲ್ಲಿ ನರಕಾಸುರನನ್ನು ಸುಡುವ ರಾತ್ರಿಗೆ ಇನ್ನೂ ಒಂದು ವಾರ ಇತ್ತು. ಗಾಡಿಯ ಸದ್ದು ಕೇಳಿ, ಯಾರೋ ಆಗಲೇ ಪಟಾಕಿ ಶುರು ಮಾಡಿದ್ದಾರೆ ಅಂತ ಮಕ್ಕಳು ಓಡಿ ಬಂದಿದ್ದರು.

ಅವನು ಅಷ್ಟರಲ್ಲೇ ಎರಡು ಸಲ ಕಿಡಿ ಹಾರಿಸುವ ಪ್ಲಗ್ ಬದಲಿಸಿದ್ದ. ಒಂದು ಅಂಗಡಿಯವರು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರನ್ನೇ ಹೊಸದು ಹಾಕಬೇಕು ಅಂದಿದ್ದರಂತೆ. ನಾನು ವಾಸ್ಕೋದಲ್ಲಿ ದೋಣಿ ಎಂಜಿನ್‌ಗಳ ಜೊತೆ ಬಹಳ ವರ್ಷ ಕೆಲಸ ಮಾಡಿದವನು. ಅವನಿಗೆ ಹೇಳಿದ್ದು ಒಂದೇ ಮಾತು: ಏನೂ ಬಿಚ್ಚಬೇಡ, ಮೊದಲು ಕೇಳೋಣ. ಅವನ ದೂರಿನಲ್ಲೇ ಅರ್ಧ ಉತ್ತರ ಇತ್ತು. ಸುಮ್ನೆ ನಿಂತಾಗ ಚೆನ್ನಾಗಿದೆ, ಲೋಡ್ ಬಿದ್ದಾಗ ಕೆಡುತ್ತದೆ. ಹಾಗಾದರೆ ಲೋಡ್ ಬಿದ್ದಾಗ ಎಂಜಿನ್ ಒಳಗೆ ಬದಲಾಗುವುದಾದರೂ ಏನು?

ವೇಗವಂತೂ ಹೆಚ್ಚು ಬದಲಾಗುವುದಿಲ್ಲ. ಇಂಥ ಯಂತ್ರಗಳು ವೇಗದ ಹಿಡಿಯನ್ನು ಪೂರ್ತಿ ತಳ್ಳಿದಾಗ ನಿಮಿಷಕ್ಕೆ ಸುಮಾರು 3,600 ಸುತ್ತು ತಿರುಗುವಂತೆ ಹೊಂದಿಸಿರುತ್ತಾರೆ. ಹುಲ್ಲು ದಟ್ಟವಾಗಲಿ, ತೆಳುವಾಗಲಿ, ವೇಗ ಅದರ ಹತ್ತಿರವೇ ಇರಬೇಕು. ಇದನ್ನು ಕಾಯುವುದು ಗವರ್ನರ್. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಎಂಜಿನ್ನಿಗೆ ಕೂರಿಸಿದ ತಿರುಗುವ ಗುಂಡುಗಳ ಉಪಾಯವೇ ಇಲ್ಲೂ ಇದೆ, ಪುಟ್ಟದಾಗಿ, ಎಂಜಿನ್ನಿನ ಹೊಟ್ಟೆಯೊಳಗೆ. ವೇಗ ಸ್ವಲ್ಪ ಕುಗ್ಗಿದರೆ ಗುಂಡುಗಳು ಒಳಕ್ಕೆ ಸರಿಯುತ್ತವೆ. ಆಗ ಒಂದು ಸ್ಪ್ರಿಂಗ್, ಗಾಳಿ ಒಳಬಿಡುವ ಥ್ರಾಟಲ್ ಬಾಗಿಲನ್ನು ಜಾಸ್ತಿ ತೆರೆಯುತ್ತದೆ. ಹಾಗಾಗಿ ಹೊರಗಿನಿಂದ ಒಂದೇ ಥರ ಕೇಳಿಸುವ ಎಂಜಿನ್, ಒಳಗೆ ಎರಡು ಬೇರೆ ಬೇರೆ ಸ್ಥಿತಿಯಲ್ಲಿರುತ್ತದೆ. ಬ್ಲೇಡ್ ತಿರುಗದಿದ್ದಾಗ ಸಣ್ಣ ಉಸಿರು. ಹುಲ್ಲಿಗೆ ಇಳಿದಾಗ ಎದೆ ತುಂಬ ಉಸಿರು.

ಉಸಿರು ಜಾಸ್ತಿಯಾದ ಹಾಗೆ ಪೆಟ್ರೋಲೂ ಜಾಸ್ತಿ ಬರಬೇಕು, ಅಲ್ವಾ? ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. 500 ಸಿಸಿ ಎಂಜಿನ್ ಒಂದು ಸಲ ಪೂರ್ತಿ ಉಸಿರೆಳೆದರೆ ಅದಕ್ಕೆ ಬೇಕಾಗುವ ಪೆಟ್ರೋಲ್ ಮೂವತ್ತು ಮಿಲಿಗ್ರಾಂ ಚಿಲ್ಲರೆ. ಅಂದರೆ ಹೆಚ್ಚುಕಮ್ಮಿ ಒಂದು ಹನಿ. ಸಿಲಿಂಡರ್ ಒಂದೇ ಇದ್ದರೆ ಸೆಕೆಂಡಿಗೆ ಇಂಥ ಮೂವತ್ತು ಹನಿ. ಆ ಹನಿ ಸ್ವಲ್ಪ ಚಿಕ್ಕದಾದರೆ ಸಾಕು, ಕಥೆ ಬದಲಾಗುತ್ತದೆ.

ಹೇಗೆ ಅಂತ ಹುಲ್ಲಿನಿಂದಲೇ ಹೇಳಬಹುದು. ಒಣಹುಲ್ಲು ಒತ್ತಾಗಿ ಬೆಳೆದಿದ್ದರೆ ಬೆಂಕಿ ಸರಸರ ಓಡುತ್ತದೆ. ಅಲ್ಲೊಂದು ಇಲ್ಲೊಂದು ಕಡ್ಡಿ ಇದ್ದರೆ ತೆವಳುತ್ತದೆ. ಸಿಲಿಂಡರಿನಲ್ಲೂ ಹಾಗೇ. ಪೆಟ್ರೋಲ್ ಕಡಿಮೆಯಾದ ಮಿಶ್ರಣದಲ್ಲಿ ಜ್ವಾಲೆ ನಿಧಾನ. ಆದರೆ ಎಂಜಿನ್ನಿಗೆ ಕಾಯಲು ಪುರುಸೊತ್ತಿಲ್ಲ. 1876ರಲ್ಲಿ ನಿಕೋಲಸ್ ಆಟೋ ಮಾಡಿ ತೋರಿಸಿದ ನಾಲ್ಕು ಹೆಜ್ಜೆಯ ಕುಣಿತ ಇವತ್ತಿಗೂ ಅದೇ: ಎಳೆ, ಒತ್ತು, ಉರಿ, ಊದು. 3,600 ಸುತ್ತಿನ ವೇಗದಲ್ಲಿ ಒಂದೊಂದು ಹೆಜ್ಜೆಗೆ ಸಿಗುವುದು ಒಂದು ಸೆಕೆಂಡಿನ 120ನೇ ಒಂದು ಭಾಗ. ತೆವಳುವ ಜ್ವಾಲೆ 'ಊದು' ಮುಗಿಯುವ ಹೊತ್ತಿಗೂ ಆರಿರುವುದಿಲ್ಲ. ಅಷ್ಟರಲ್ಲಿ ಮುಂದಿನ 'ಎಳೆ'ಗೆ ಬಾಗಿಲು ತೆರೆಯುತ್ತದೆ. ಒಳಗೆ ಬರುತ್ತಿರುವ ಹೊಸ ಮಿಶ್ರಣಕ್ಕೆ ಹಳೆಯ ಬೆಂಕಿ ತಗಲುತ್ತದೆ. ಜ್ವಾಲೆ ಕಾರ್ಬ್ಯುರೇಟರ್ ಕಡೆಗೆ ಹಿಂದಕ್ಕೆ ಉಗುಳುತ್ತದೆ. ಅದೇ ಆ ಪಟ್ ಸದ್ದು.

ಇನ್ನೊಂದು ಸದ್ದು ಸೈಲೆನ್ಸರಿನದು. ಅದರ ಕಾರಣವೇ ಬೇರೆ. ಯಾವುದೋ ಒಂದು ಸಲ ಕಿಡಿ ತಪ್ಪಿತು ಅಂದುಕೊಳ್ಳಿ. ಉರಿಯದ ಪೆಟ್ರೋಲ್ ಹಾಗೇ ಸೈಲೆನ್ಸರಿಗೆ ಹೋಗಿ ಕೂರುತ್ತದೆ. ಮುಂದಿನ ಬಿಸಿ ಹೊಗೆ ಬಂದಾಗ ಅಲ್ಲೇ ಹೊತ್ತಿಕೊಂಡು ಢಂ ಅನ್ನುತ್ತದೆ. ನಮ್ಮಲ್ಲಿ ಎರಡನ್ನೂ ಬ್ಯಾಕ್‌ಫೈರ್ ಅಂತಲೇ ಕರೆಯುತ್ತಾರೆ. ಆ ಒಂದೇ ಹೆಸರಿನಿಂದ ಎಷ್ಟು ಜನರ ದುಡ್ಡು ಹಾಳಾಗಿದೆಯೋ. ಕಾರ್ಬ್ಯುರೇಟರ್ ಕಡೆಯದು ಬಹುಪಾಲು ಇಂಧನ ಸಾಲದ ಸದ್ದು. ಸೈಲೆನ್ಸರ್ ಕಡೆಯದು ಬಹುಪಾಲು ಕಿಡಿ ತಪ್ಪಿದ ಸದ್ದು. ಸದ್ದು ಎಲ್ಲಿಂದ ಬಂತು ಅಂತ ಕೇಳಿಸಿಕೊಳ್ಳಲು ಐದು ನಿಮಿಷ ಕೊಟ್ಟರೆ ಅರ್ಧ ದಿನ ಉಳಿಯುತ್ತದೆ.

ಹುಡುಗ ಗಾಡಿ ಹತ್ತಿದ. ಹುಲ್ಲು ಉಗುಳುವ ಬಾಯಿ ಇಲ್ಲದ ಪಕ್ಕದಲ್ಲಿ, ಸಾಕಷ್ಟು ದೂರ ಬಿಟ್ಟು ನಾನು ನಡೆದೆ. ಗೋವಾದ ಮೈದಾನದಲ್ಲಿ ಚಿರೆಕಲ್ಲಿನ ಚೂರು ಎಲ್ಲಿ ಬೇಕಾದರೂ ಇರುತ್ತದೆ. ಬ್ಲೇಡಿಗೆ ಸಿಕ್ಕರೆ ಗುಂಡಿನ ಹಾಗೆ ಹಾರುತ್ತದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಪಟ್, ಪಟ್. ಏರ್ ಫಿಲ್ಟರ್ ಕಡೆಯಿಂದಲೇ. "ಈಗ ಚೋಕ್ ಅರ್ಧ ಎಳಿ" ಅಂದೆ. ಎಳೆದ. ಸದ್ದು ನಿಂತಿತು. ಎಂಜಿನ್ ಗಂಟಲು ಸರಿಮಾಡಿಕೊಂಡ ಹಾಗೆ ಹುಲ್ಲಿನ ಮೇಲೆ ನುಗ್ಗಿತು. ಚೋಕ್ ಬಿಟ್ಟರೆ ಮತ್ತೆ ಪಟಾಕಿ. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಎಳೆಯುವ ಸೆಳೆತ ಜಾಸ್ತಿಯಾಗುತ್ತದೆ. ಅದರಿಂದ ಎಂಜಿನ್ ಸುಧಾರಿಸಿತು ಅಂದರೆ ಅದು ಹಸಿದಿತ್ತು ಅಂತ ಅರ್ಥ. ಹೀಗೆ ಪರೀಕ್ಷೆ ಮಾಡಬೇಕೇ ಹೊರತು, ಚೋಕ್ ಎಳೆದುಕೊಂಡೇ ಮೈದಾನ ಪೂರ್ತಿ ಓಡಿಸಬಾರದು.

ಎಂಜಿನ್ ಆರಿದ ಮೇಲೆ ಪ್ಲಗ್ಗಿನ ತಂತಿ ಕಿತ್ತು, ಪೆಟ್ರೋಲ್ ಬರುವ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನ ತಳದ ಬೌಲ್ ಬಿಚ್ಚಿದೆವು. ತಳದಲ್ಲಿ ವಿಭೂತಿಯಂಥ ಬಿಳಿ ಪುಡಿ. ಗೋಡೆಗೆ ಜೇನಿನ ಬಣ್ಣದ ಅಂಟು. ಹಳಸಿದ ಬಣ್ಣದ ಡಬ್ಬಿಯ ವಾಸನೆ. ಮೇನ್ ಜೆಟ್ ಅನ್ನುವ ಹಿತ್ತಾಳೆಯ ಪುಟ್ಟ ತಿರುಪನ್ನು ಬಿಚ್ಚಿ ಆಕಾಶಕ್ಕೆ ಹಿಡಿದು ನೋಡು ಅಂದೆ. ಪೆಟ್ರೋಲ್ ಹಾಯುವ ಅದರ ತೂತು ಒಂದು ಮಿಲಿಮೀಟರ್ ಆಸುಪಾಸು. ಹುಣ್ಣಿಮೆ ಚಂದ್ರನ ಹಾಗೆ ದುಂಡಗೆ ಕಾಣಬೇಕಿತ್ತು. "ಗ್ರಹಣ ಹಿಡದಂಗ ಕಾಣತೈತ್ರಿ" ಅಂದ.

ಆ ಗ್ರಹಣದ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ತೂತಿನ ಅಡ್ಡಳತೆ ಶೇ. 10ರಷ್ಟು ಕುಗ್ಗಿದರೆ ಅದರ ವಿಸ್ತಾರ ಶೇ. 19ರಷ್ಟು ಕುಗ್ಗುತ್ತದೆ. ಕಣ್ಣಿಗೆ ಕಾಣದಷ್ಟು ಕಚರಾ ಪೆಟ್ರೋಲಿನ ಐದನೇ ಒಂದು ಭಾಗವನ್ನು ತಡೆಯಬಲ್ಲದು. ಸುಮ್ನೆ ನಿಂತಾಗ ಇದು ಗೊತ್ತೇ ಆಗುವುದಿಲ್ಲ. ಯಾಕೆಂದರೆ ಥ್ರಾಟಲ್ ಬಹುತೇಕ ಮುಚ್ಚಿದ್ದಾಗ ಪೆಟ್ರೋಲ್ ಬರುವುದು ಹೆಚ್ಚಾಗಿ ಬೇರೊಂದು ಸಣ್ಣ ದಾರಿಯಿಂದ. ಮೇನ್ ಜೆಟ್ಟಿಗೆ ನಿಜವಾದ ಕೆಲಸ ಬೀಳುವುದು ಬಾಗಿಲು ತೆರೆದಾಗ. ಹುಡುಗನ ದೂರು ಅಕ್ಷರಶಃ ಸರಿಯಾಗಿತ್ತು.

ಬಿಳಿ ಪುಡಿ ಬಂದದ್ದೆಲ್ಲಿಂದ? ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಎಥನಾಲ್ ಇದೆ. ಶೇ. 20ರ ಮಿಶ್ರಣ ಶುರುವಾದದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಸಮಾರಂಭವೊಂದರಲ್ಲಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಗೋವಾದ ಜೂನ್, ಜುಲೈ ತಿಂಗಳಲ್ಲಿ ಗಾಳಿಯೇ ಅರ್ಧ ನೀರು, ತಂತಿಯ ಮೇಲಿನ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ನೀರು ಒಂದು ಮಿತಿ ದಾಟಿದರೆ ಎಥನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಬೌಲಿನ ಲೋಹ ಕೊರೆದು ಪುಡಿಯಾಗುವುದು ಅಲ್ಲೇ. ಇನ್ನೊಂದು ವಿಷಯವೂ ಇದೆ. ಎಥನಾಲಿಗೆ ಬೇಕಾದ ಗಾಳಿ ತನ್ನ ತೂಕದ 9 ಪಟ್ಟು ಮಾತ್ರ. ಹಾಗಾಗಿ ಬರೀ ಪೆಟ್ರೋಲಿಗೆ ಅಳೆದು ಮಾಡಿದ ಜೆಟ್ ಈ ಮಿಶ್ರಣಕ್ಕೆ ಮೊದಲೇ ಸ್ವಲ್ಪ ಚಿಕ್ಕದು. ಸಣ್ಣ ಎಂಜಿನ್ ಮಾಡುವವರಲ್ಲಿ ಬಹಳಷ್ಟು ಜನ ಶೇ. 10ರ ಮಿತಿಯನ್ನೇ ಕೈಪಿಡಿಯಲ್ಲಿ ಬರೆದಿರುತ್ತಾರೆ. ಆ ಪುಟವನ್ನು ದಯವಿಟ್ಟು ಓದಿ.

ಜೆಟ್ಟಿನ ತೂತಿಗೆ ಕಬ್ಬಿಣದ ತಂತಿ ಹಾಕಬೇಡಿ. ಹಿತ್ತಾಳೆ ಮೆದು, ಗೀರಿದರೆ ಅಳತೆ ಶಾಶ್ವತವಾಗಿ ಕೆಡುತ್ತದೆ. ಮೈದಾನದ ಪಕ್ಕದ ಮನೆಯಿಂದ ಮೀನು ಹಿಡಿಯುವ ನೈಲಾನ್ ದಾರ ತಂದೆವು. ಕ್ಲೀನರ್ ಸ್ಪ್ರೇ ಹೊಡೆದು, ದಾರ ಆಡಿಸಿ, ಗಾಳಿ ಊದಿದೆವು. ಮತ್ತೆ ಆಕಾಶಕ್ಕೆ ಹಿಡಿದಾಗ ಹುಣ್ಣಿಮೆ.

ಸದ್ದು ಸೈಲೆನ್ಸರ್ ಕಡೆಯಿಂದ ಬಂದಿದ್ದರೆ ನಾನು ಕಿಡಿಯ ಕಡೆ ಹೋಗುತ್ತಿದ್ದೆ. ಇಲ್ಲಿ ಎಲ್ಲರೂ ಮೋಸ ಹೋಗುವ ಒಂದು ಜಾಗ ಇದೆ. ಪ್ಲಗ್ ಬಿಚ್ಚಿ ಹೊರಗೆ ಹಿಡಿದು ನೋಡಿದರೆ ನೀಲಿ ಕಿಡಿ ಚೆನ್ನಾಗೇ ಕಾಣುತ್ತದೆ. ಆದರೆ ಗಾಳಿಯನ್ನು ಒತ್ತಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಜರ್ಮನಿಯ ಫ್ರೀಡ್ರಿಚ್ ಪಾಶೆನ್ 1889ರಲ್ಲೇ ಇದರ ನಿಯಮ ಕಂಡುಹಿಡಿದಿದ್ದರು. ಹೊರಗಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ಸುಮಾರು 3,000 ವೋಲ್ಟ್ ಬೇಕಾದರೆ, ಸಿಲಿಂಡರಿನ ಒತ್ತಡದಲ್ಲಿ ಅದರ ಕೆಲವು ಪಟ್ಟು ಬೇಕು. ಥ್ರಾಟಲ್ ತೆರೆದಾಗ ಒಳಗೆ ಗಾಳಿ ಜಾಸ್ತಿ, ಒತ್ತಡ ಜಾಸ್ತಿ. ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಸೋತಿದ್ದರೆ ಕೈಕೊಡುವುದು ಆಗಲೇ. ಅದಕ್ಕೇ ಹೊರಗೆ ನೋಡಿದ ಕಿಡಿಯನ್ನು ನಂಬಿ ಕೂರಬಾರದು. ಪ್ಲಗ್ಗಿನ ಅಂತರ ಅಳೆಯಿರಿ. ಹೆಚ್ಚಿನ ಇಂಥ ಎಂಜಿನ್‌ಗಳಿಗೆ 0.76 ಮಿಲಿಮೀಟರ್. ಸವೆದು ಅಗಲವಾಗಿದ್ದರೆ ಲೋಡಿನಲ್ಲಿ ತಪ್ಪುವುದು ಸಹಜ.

ಜೆಟ್ ಸ್ವಚ್ಛವಾದ ಮೇಲೂ ಹಸಿವು ಹೋಗದಿದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಅದರ ಗಾಳಿತೂತು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಕಾಲು ಗಂಟೆ ಚೆನ್ನಾಗಿ ಓಡಿದ ಮೇಲೆ ಕಾಟ ಶುರುವಾಗುತ್ತದೆ. ಮುಚ್ಚಳ ಸಡಿಲಿಸಿದ ಕೂಡಲೆ ಸರಿಹೋದರೆ ಅದೇ ಕಳ್ಳ. ಕಾರ್ಬ್ಯುರೇಟರ್ ಹಿಂದೆ ಗಾಳಿ ಸೋರದಂತೆ ಹಾಕಿರುವ ಗ್ಯಾಸ್ಕೆಟ್ ಸೀಳಿದ್ದರೆ ಕಳ್ಳಗಾಳಿ ಸೇರುತ್ತದೆ. ವಾಲ್ವ್ ತಳ್ಳುವ ಟ್ಯಾಪೆಟ್ ಬಿಗಿಯಾಗಿದ್ದರೆ ಬಿಸಿಯಾದ ಮೇಲೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಫ್ಲೈವೀಲ್ ಚಕ್ರವನ್ನು ಶಾಫ್ಟಿನ ಮೇಲೆ ಸರಿಯದಂತೆ ಹಿಡಿದಿಡುವ ಪುಟ್ಟ ಕೀ ತುಂಡಾಗಿ ಕಿಡಿಯ ಹೊತ್ತು ತಪ್ಪುವುದೂ ಉಂಟು. ಅದು ತಳ್ಳುವ ಯಂತ್ರಗಳಲ್ಲಿ ಜಾಸ್ತಿ. ಅವುಗಳ ಬ್ಲೇಡ್ ನೇರವಾಗಿ ಎಂಜಿನ್ನಿನ ಶಾಫ್ಟಿಗೇ ಇರುತ್ತದೆ, ಕಲ್ಲಿನ ಏಟು ಸೀದಾ ಅಲ್ಲಿಗೇ ಹೋಗುತ್ತದೆ. ಕೂತು ಓಡಿಸುವ ಗಾಡಿಯಲ್ಲಿ ನಡುವೆ ಬೆಲ್ಟ್ ಇರುವುದರಿಂದ ಏಟನ್ನು ಅದು ನುಂಗಿಕೊಳ್ಳುತ್ತದೆ.

ಅವತ್ತು ಅಷ್ಟು ದೂರ ಹೋಗಬೇಕಾಗಲಿಲ್ಲ. ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿದ. ದಟ್ಟ ಹುಲ್ಲಿರುವ ಗೋಲ್ ಹಿಂದಿನ ಮೂಲೆಗೆ ಬೇಕೆಂದೇ ಇಳಿಸಿದ. ಎಂಜಿನ್ ದನಿ ಒಂದು ಕ್ಷಣ ತಗ್ಗಿತು, ಗವರ್ನರ್ ಬಾಗಿಲು ತೆರೆಯಿತು, ದನಿ ತುಂಬಿ ಬಂತು. ಪಟಾಕಿಗೆ ಕಾಯುತ್ತಿದ್ದ ಮಕ್ಕಳು ಬೇಸರ ಮಾಡಿಕೊಂಡು ಚೆಂಡು ತರಲು ಹೋದರು.

ಮುಂದಿನ ವರ್ಷ ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಅವನ ಫೋನ್ ಬಂತು. "ಟ್ಯಾಂಕ್ ಖಾಲಿ ಮಾಡೀನ್ರಿ. ನಲ್ಲಿ ಮುಚ್ಚಿ, ಬಂದ್ ಬೀಳೂ ಮಟ ಓಡಿಸಿ, ಬೌಲಿನಾಗಿನ ಹನಿ ಸೈತ ಬಸದೀನಿ. ಶೆಡ್ಡಿಗೆ ಹಾಕ್ಲ್ಯಾ?"