ಸ್ಪಾಕ್‌ಗೆ ಕರ್ಕ್ ಮೇಲೆ ಲವ್ ಇತ್ತಾ?

ಕೌನ್ಸೆಲಿಂಗ್‌ಗೆ ಬರೋ ಅಪ್ಪ ಅಮ್ಮಂದಿರು ಈಚೆಗೆ ಒಂದು ಗಾಬರಿ ಹೊತ್ಕೊಂಡು ಬರ್ತಾರೆ. ಕಾಲೇಜಿಗೆ ಹೋಗೋ ಮಗಳು ರಾತ್ರಿಯೆಲ್ಲ ಕೂತು ಯಾವುದೋ ಸೀರೀಸ್‌ನ ಇಬ್ಬರು ಗಂಡಸರ ಮಧ್ಯೆ ಪ್ರೇಮಕಥೆ ಬರೀತಾಳೆ, ಇವಳಿಗೆ ಏನಾಗಿದೆ ಮೇಡಂ ಅಂತ. ಏನೂ ಆಗಿಲ್ಲ. ಫೋನ್ ಬಂದ್ಮೇಲೆ ಹತ್ತಿದ ಚಟವೂ ಇದಲ್ಲ, ಅದಕ್ಕೇ ನಾನು ಅವರಿಗೆ ಮೊದ್ಲು ಸ್ಟಾರ್ ಟ್ರೆಕ್ ಕಥೆ ಹೇಳ್ತೀನಿ.

1966ರಲ್ಲಿ ಅಮೆರಿಕದ ಟಿವಿಲಿ ಶುರುವಾದ, ಬಾಹ್ಯಾಕಾಶದಲ್ಲಿ ಓಡಾಡೋ ಒಂದು ಹಡಗಿನ ಸೀರಿಯಲ್ಲು, ಮೂರೇ ಸೀಸನ್‌ಗೆ ನಿಂತೋಯ್ತು. ಕ್ಯಾಪ್ಟನ್ ಕರ್ಕ್ ಮುನ್ನುಗ್ಗೋ ಮನುಷ್ಯ, ಅವನ ಪಕ್ಕ ಸ್ಪಾಕ್, ತಾಯಿ ಭೂಮಿಯವಳು, ತಂದೆ ವಲ್ಕನ್ ಗ್ರಹದವನು, ಭಾವನೆ ಹೊರಗೆ ಕಾಣಿಸಿದ್ರೆ ಅವಮಾನ ಅಂತ ಬೆಳೆದವನು. 1967ರ ಒಂದು ಎಪಿಸೋಡಲ್ಲಿ ಸ್ಪಾಕ್‌ಗೆ ಅವನ ಕುಲದವರಿಗೆ ಬರೋ ಕಾಮದ ಜ್ವರ ಹತ್ತತ್ತೆ, ತನ್ನ ಗ್ರಹಕ್ಕೆ ಹೋಗಿ ಮದುವೆ ಆಗದಿದ್ರೆ ಸಾವೇ, ಕರ್ಕ್ ಮೇಲಿನವರ ಆರ್ಡರ್ ಮೀರಿ ಹಡಗು ತಿರುಗಿಸ್ತಾನೆ. ಅಲ್ಲಿ ಇಬ್ಬರೇ ಹೊಡೆದಾಡೋ ಪರಿಸ್ಥಿತಿ ಬರತ್ತೆ, ಗೆಳೆಯನ್ನ ಕೈಯಾರೆ ಕೊಂದೆ ಅಂದ್ಕೊಂಡು ವಾಪಸ್ ಬಂದ ಸ್ಪಾಕ್, ಕರ್ಕ್ ಜೀವಂತ ನಿಂತಿರೋದು ನೋಡಿ ಎರಡೂ ಕೈಯಲ್ಲಿ ಹಿಡ್ಕೊಂಡು ಮುಖ ತುಂಬಾ ನಗ್ತಾನೆ. ಮರುಕ್ಷಣವೇ ಆ ನಗು ಒಳಗೆ ಹೋಗ್ಬಿಡತ್ತೆ.

ಎಷ್ಟೋ ಹೆಂಗಸರು ಆ ನಗುವಿನ ಹಿಂದೇನೇ ಹೊರಟ್ರು. 1974ರಲ್ಲಿ ಡಯೇನ್ ಮಾರ್ಚೆಂಟ್ ಅನ್ನೋ ಆಸ್ಟ್ರೇಲಿಯಾದ ಅಭಿಮಾನಿ ‘ಗ್ರಪ್’ ಅನ್ನೋ ಅಭಿಮಾನಿಗಳ ಪತ್ರಿಕೆಲಿ ಒಂದು ಪುಟ್ಟ ಪ್ರಣಯದ ತುಣುಕು ಬರೆದ್ರು, ಇಬ್ಬರ ಹೆಸರೂ ಹಾಕದೆ. ಕರ್ಕ್-ಸ್ಪಾಕ್ ಪ್ರೇಮ ಅಚ್ಚಾಗಿದ್ದು ಇದೇ ಮೊದಲು ಅಂತ ಸಾಮಾನ್ಯವಾಗಿ ಎಣಿಸ್ತಾರೆ. ಆಮೇಲೆ ಇಂಥ ಪತ್ರಿಕೆಗಳು ಪೋಸ್ಟಲ್ಲಿ, ಸಮ್ಮೇಳನಗಳಲ್ಲಿ ಕೈಯಿಂದ ಕೈಗೆ ಓಡಾಡಿದ್ವು, ಬರೆಯೋರು ಓದೋರು ಇಬ್ರೂ ಬಹುಪಾಲು ಹೆಂಗಸರೇ.

ಹೆಂಗಸರು ಯಾಕೆ ಇಬ್ಬರು ಗಂಡಸರ ಪ್ರೀತಿ ಬರೀಬೇಕು? ಲೇಖಕಿ ಜೊಆನಾ ರಸ್ 1985ರಲ್ಲೇ ಇದರ ಬಗ್ಗೆ ಬರೆದಿದ್ರು, ಇವು ಗಂಡಸರ ವೇಷದಲ್ಲಿರೋ ಹೆಣ್ಣಿನ ಆಸೆಗಳು ಅಂತ ಅವರ ವಾದ. ನನಗೂ ಇದು ನಿಜ ಅನ್ಸತ್ತೆ. ಗಂಡು-ಹೆಣ್ಣಿನ ಕಥೆ ಬರೆಯೋಕೆ ಕೂತ್ರೆ ಅವಳು ಕೆಲಸ ಬಿಡಬೇಕಾ, ಯಾರ ಮನೆಗೆ ಹೋಗ್ಬೇಕು, ಅವಳು ಚೆನ್ನಾಗಿದಾಳಾ, ಜನ ಏನಂತಾರೆ, ಎಲ್ಲಾ ಕೇಳದೇನೇ ಒಳಗೆ ಬಂದ್ಬಿಡತ್ತೆ. ಒಂದೇ ಹಡಗಲ್ಲಿ ಕೆಲಸ ಮಾಡೋ, ಒಬ್ಬರಿಗೊಬ್ಬರು ಪ್ರಾಣ ಕೊಡೋ ಇಬ್ಬರು ಸಮಾನರ ಮಧ್ಯೆ ಪ್ರೀತಿ ಇಟ್ರೆ ಅದ್ಯಾವುದೂ ಇಲ್ಲ, ಪ್ರೀತಿ ಮಾತ್ರ ಇರತ್ತೆ.

ನನ್ನ ಹತ್ರ ಬರೋ ಹುಡುಗಿಯರಲ್ಲಿ ನಾನು ಗಮನಿಸೋದು ಇನ್ನೊಂದಿದೆ. ಮುತ್ತಿನ ಸೀನ್ ಬಗ್ಗೆ ನಾನು ಕೇಳಲ್ಲ, ಅದಕ್ಕಿಂತ ಮುಂಚೆ ಏನಾಗತ್ತೆ ಹೇಳು ಅಂತೀನಿ. ಪದೇ ಪದೇ ಬರೋ ಉತ್ತರ ಒಂದೇ ಥರ, ಒಬ್ಬನಿಗೆ ಗಾಯ ಆಗಿರತ್ತೆ ಅಥವಾ ಜ್ವರ, ಅವನು ಯಾರಿಗೂ ಹೇಳಿರಲ್ಲ, ಇನ್ನೊಬ್ಬ ತಾನಾಗೇ ಕಂಡುಹಿಡಿದು ರಾತ್ರಿಯಿಡೀ ಪಕ್ಕದಲ್ಲಿ ಕೂರ್ತಾನೆ. ಕಥೆ ಮುಕ್ಕಾಲು ಭಾಗ ಆರೈಕೆನೇ. ಬಾಯಿಬಿಟ್ಟು ಕೇಳದೇನೇ ಯಾರೋ ನನ್ನ ನೋವು ನೋಡಬೇಕು ಅನ್ನೋದು ಆ ಹುಡುಗಿಗೆ ಮನೇಲಿ ಹೇಳೋಕಾಗದ ಮಾತು, ಬೇರೆ ಗ್ರಹದವನ ಬಾಯಲ್ಲಿ ಹೇಳಿಸೋದು ಸುಲಭ. ದೂರದ ಪಾತ್ರದಲ್ಲಿ ಇಟ್ಟಾಗ ಆಸೆಗೆ ನಾಚಿಕೆ ಕಮ್ಮಿ.

ಹಾಗಂತ ಇದನ್ನ ಲೈಂಗಿಕತೆಯ ಟೆಸ್ಟ್ ಥರ ಓದಬೇಡಿ, ದಯವಿಟ್ಟು. ಕೆಲವರಿಗೆ ಇಂಥ ಕಥೆ ಬರೀತಾ ಬರೀತಾನೇ ತಾನು ಸಲಿಂಗಿ ಅಂತ ಗೊತ್ತಾಗಿದೆ, ಇನ್ನು ಎಷ್ಟೋ ಜನಕ್ಕೆ ಹಾಗೇನಿಲ್ಲ. ಸ್ಪಾಕ್‌ನಲ್ಲೇ ಒಬ್ಬರಿಗೆ ಬಚ್ಚಿಟ್ಟ ಪ್ರೇಮಿ ಕಾಣ್ತಾನೆ, ಇನ್ನೊಬ್ಬರಿಗೆ ಕಾಮದ ಆಸೆಯೇ ಇಲ್ಲದ, ಆದರೂ ಪೂರ್ತಿ ಮನುಷ್ಯನಾಗಿರೋನು ಕಾಣ್ತಾನೆ, ತಮ್ಮಂಥವರು ಪರದೆ ಮೇಲೆ ಎಲ್ಲೂ ಸಿಗದಿರೋರಿಗೆ ಅದೊಂದು ಉಸಿರಾಡೋ ಜಾಗ. 2009ರ ಸ್ಟಾರ್ ಟ್ರೆಕ್ ಸಿನಿಮಾ ಸ್ಪಾಕ್‌ನ ಅದೇ ಹಡಗಿನ ಮಹಿಳಾ ಅಧಿಕಾರಿ ಉಹುರಾ ಜೊತೆ ಸೇರಿಸ್ತು, ಹಳೇ ಓದುಗಳು ಅದರಿಂದೇನೂ ಸಾಯ್ಲಿಲ್ಲ.

ನನಗೆ ಚಿಂತೆ ಆಗೋದು ಪಾತ್ರದಿಂದ ನಟರ ಕಡೆ ದಾಟಿದಾಗ. ಟಿವಿಯವರ ಜೊತೆ ನೋಡುಗರಿಗೆ ಹುಟ್ಟೋ ಒಮ್ಮುಖದ ಆತ್ಮೀಯತೆ ಬಗ್ಗೆ ಹಾರ್ಟನ್ ಮತ್ತು ವೋಲ್ ಅನ್ನೋ ಸಂಶೋಧಕರು 1956ರಲ್ಲೇ ಬರೆದಿದ್ರು, ಆ ಆತ್ಮೀಯತೆ ಸಹಜ. ಆದ್ರೆ ಕನ್ನಡ ಸೀರಿಯಲ್ ಜೋಡಿಯ ಅಭಿಮಾನಿಗಳು ಆ ನಟಿಯ ನಿಜವಾದ ಗಂಡನ ಫೋಟೋ ಕೆಳಗೆ ಬಂದು ಬೈಯೋದು ಸಹಜ ಅಲ್ಲ, ಅಲ್ಲಿ ಒಬ್ಬ ಮನುಷ್ಯನಿಗೆ ನೋವಾಗ್ತಿದೆ. ಪಾತ್ರಕ್ಕೆ ನೀವು ಏನು ಬರೆದ್ರೂ ಅದು ಬಂದು ಬೇಡ ಅನ್ನಲ್ಲ, ನಟಿ ಬೇಡ ಅಂತಾಳೆ, ಅದನ್ನ ಕೇಳಲೇಬೇಕು. ಇನ್ನೊಂದು, ಬೇರೆಯವರು ಬೇರೆ ಜೋಡಿ ಇಷ್ಟಪಟ್ರೆ ನನಗೇ ಹೊಡೆದಂಗೆ ಆಗತ್ತೆ, ನಿದ್ದೆ ಬರಲ್ಲ ಅನ್ನೋರು ಒಂದ್ಸಲ ಬಂದು ಮಾತಾಡಿ, ಅಷ್ಟು ಭಾರ ಆ ಜೋಡಿ ಮೇಲೆ ಯಾಕೆ ಬಿತ್ತು ನೋಡೋಣ.

ಅಪ್ಪ ಅಮ್ಮಂದಿರಿಗೆ ಒಂದು ಮಾತು, ಮಗಳಿಗೆ ಗೊತ್ತಿಲ್ಲದ ಹಾಗೆ ಫೋನ್ ತೆಗೆದು ಆ ಕಥೆ ಓದಬೇಡಿ, ಅದು ಡೈರಿ ಓದಿದ ಹಾಗೇ. ಆ ಇಬ್ಬರಲ್ಲಿ ನಿನಗೆ ಯಾರು ಜಾಸ್ತಿ ಇಷ್ಟ, ಯಾಕೆ ಅಂತ ಊಟಕ್ಕೆ ಕೂತಾಗ ಕೇಳಿ, ಕೇಳಿದ್ಮೇಲೆ ಮಧ್ಯ ಬಾಯಿ ಹಾಕದೆ ಸುಮ್ಮನಿರಿ.